ಕೃಷ್ಣೆಯ ನೀರು ಮತ್ತು ನಾವು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹೊತ್ತು ಬಹಳವಾಗಿದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಭಟ್ಟಿ ಹಚ್ಚಬೇಕಾದವರು ಇಲ್ಲಿ ಬಹಳ ಮಂದಿ ಇದ್ದೀರಿ. ಆದುದರಿಂದ ಮಾತನ್ನು ಬೆಳೆಸುವುದಿಲ್ಲ.

ಕಳೆದ ಸಭೆಯಲ್ಲಿ ನಮ್ಮ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಪಗಾರ, ಬೋನಸ್ಸು, ವಾರದ ರಜೆ, ಮಲಗಲು ಒಂದು ಖೋಲಿ, ಇವು ಸಂಘದ ಕೆಲಸ. ಕೃಷ್ಣಾ ನದಿಯ ನೀರಿಗೂ ನಮ್ಮ ಸಂಘಕ್ಕೂ ಏನು ಸಂಬಂಧ?" ಎಂದರು. ಇನ್ನೊಬ್ಬರು ಅದಕ್ಕೆ ಸೇರಿಸಿ, "ನಾವು ಉಡುಪಿ ಕಡೆಯವರು, ನಮಗೆ ಮಳೆಗೆ ಬರವಿಲ್ಲ. ಅದು ಬಿಜಾಪುರದವರ ಗೋಳು" ಎಂದರು. ಆ ಮಾತಿಗೆ ಸಭೆಯಲ್ಲಿ ನಗೆ ಎದ್ದಿತು. ಆದರೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕೆಲವು ಹಿರಿಯರು ನಗಲಿಲ್ಲ. ಅವರು ಆ ಬಿಜಾಪುರದವರೇ. ಆ ಪ್ರಶ್ನೆಗೆ ಉತ್ತರ ಕೊಡಲಿಕ್ಕಾಗಿಯೇ ಈ ದಿನ ನಾವು ನಿಂತಿದ್ದೇವೆ.

ಮೊದಲು ನದಿಯ ಪರಿಚಯ ಮಾಡಿಕೊಳ್ಳೋಣ. ಕೃಷ್ಣೆ ಹುಟ್ಟುವುದು ಸಾತಾರಾ ಜಿಲ್ಲೆಯ ಮಹಾಬಳೇಶ್ವರದಲ್ಲಿ. ಅಲ್ಲಿಂದ ಅರಬ್ಬೀ ಸಮುದ್ರ ಕೂಗಳತೆಯಲ್ಲಿದ್ದಂತೆ. ಆದರೂ ನದಿ ಅತ್ತ ತಿರುಗದೆ ಬೆನ್ನು ಹಾಕಿ ಮೂಡಣಕ್ಕೆ ಹೊರಟು, ಸುಮಾರು 1,400 ಕಿಲೋಮೀಟರು ನಡೆದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಘಟಪ್ರಭೆ, ಮಲಪ್ರಭೆ, ಭೀಮೆ, ತುಂಗಭದ್ರೆ ಎಲ್ಲವೂ ಇದರ ಮಕ್ಕಳು. ಈ ಎಲ್ಲ ಹೊಳೆಗಳಿಗೆ ನೀರು ಹರಿದು ಬರುವ ನೆಲವೆಲ್ಲ ಸೇರಿದರೆ ಸುಮಾರು 2 ಲಕ್ಷ 59 ಸಾವಿರ ಚದರ ಕಿಲೋಮೀಟರು. ಅದರಲ್ಲಿ ಹೆಚ್ಚಿನ ಪಾಲು, ಎಂದರೆ ನೂರಕ್ಕೆ 44ರಷ್ಟು, ಕರ್ನಾಟಕದಲ್ಲಿದೆ.

ಆದರೆ ನೆಲವಿದ್ದ ಕಡೆಯೆಲ್ಲ ಮಳೆಯಿಲ್ಲ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅದೇ ಕೃಷ್ಣೆ ಹರಿಯುವ ಬಿಜಾಪುರ, ಎಂದರೆ ಇಂದಿನ ವಿಜಯಪುರ ಜಿಲ್ಲೆಯಲ್ಲಿ ಬೀಳುವುದು ಸುಮಾರು 600 ಮಿಲಿಮೀಟರು. ಮೋಡಗಳು ಘಟ್ಟದ ತಲೆಯ ಮೇಲೆಯೇ ಗಂಟು ಬಿಚ್ಚಿ, ಬರಿಗೈಯಲ್ಲಿ ಬಯಲುಸೀಮೆಗೆ ಬರುತ್ತವೆ. ಹೊಳೆ ಮಾತ್ರ ಆ ಗಂಟಿನಿಂದ ಸ್ವಲ್ಪವನ್ನು ಹೊತ್ತು ತರುತ್ತದೆ. ಬಯಲುಸೀಮೆಯವನಿಗೆ ಹೊಳೆಯೆಂದರೆ ಬೇರೆಯವರ ಊರಲ್ಲಿ ಬಿದ್ದ ಮಳೆ. ಹೊಳೆ ಹರಿಯುವ ದಾರಿಯಲ್ಲಿ ಯಾರು ಕೈ ಹಾಕಿದರೂ ಅವನ ಹೊಟ್ಟೆಗೆ ತಟ್ಟುತ್ತದೆ.

ಇನ್ನು ಮುಂಬಯಿಗೂ ಈ ಹೊಳೆಗೂ ಇರುವ ಸಂಬಂಧ ನೋಡಿರಿ. ನಮ್ಮ ನಲ್ಲಿಯಲ್ಲಿ ಬರುವ ನೀರು ಕೃಷ್ಣೆಯದಲ್ಲ. ಅದು ತಾನ್ಸಾ, ವೈತರಣಾ, ಭಾತ್ಸಾ ಕಡೆಯದು. ಆದರೆ ನಮ್ಮ ದೀಪ? ಒಂದು ಕಾಲಕ್ಕೆ ಈ ಪಟ್ಟಣದ ಗಿರಣಿಗಳು ಓಡಿದ್ದು ಯಾವುದರಿಂದ? ಲೋಣಾವಳೆಯ ಸುತ್ತ ಭೀಮೆಯ ಉಪನದಿಗಳಿಗೆ ಕಟ್ಟೆ ಕಟ್ಟಿ, ಮೂಡಣಕ್ಕೆ ಹರಿಯಬೇಕಾದ ನೀರನ್ನು ಘಟ್ಟದ ಈಚೆಗೆ ಕೊಳವೆಯಲ್ಲಿ ಧುಮುಕಿಸಿ, ಟಾಟಾ ಕಂಪನಿ ವಿದ್ಯುತ್ತು ತೆಗೆಯಿತು. ಖೋಪೋಲಿಯ ವಿದ್ಯುದಾಗಾರ 1915ರಲ್ಲಿ, ಭಿವಪುರಿಯದು 1922ರಲ್ಲಿ, ಭೀರಾದ್ದು 1927ರಲ್ಲಿ ಆರಂಭವಾದವು. ಆ ವಿದ್ಯುತ್ತಿನಿಂದ ಮುಂಬಯಿಯ ಗಿರಣಿಗಳ ಚಕ್ರ ತಿರುಗಿತು. ಭೀರಾಗೆ ನೀರು ಕೊಡುವ ಮುಳಶಿ ಕಟ್ಟೆಗಾಗಿ ಭೂಮಿ ಕಳೆದುಕೊಂಡ ಮಾವಳ ರೈತರು 1921ರಲ್ಲಿ ಸೇನಾಪತಿ ಬಾಪಟರ ಹಿಂದೆ ನಿಂತು ಸತ್ಯಾಗ್ರಹ ಹೂಡಿದರು. ಕಟ್ಟೆ ನಿಲ್ಲಲಿಲ್ಲ, ರೈತರು ಎದ್ದು ಹೋದರು. ಅನಂತರ ಕೊಯ್ನಾ ಬಂದಿತು. ಕೃಷ್ಣೆಯ ಉಪನದಿಯಾದ ಕೊಯ್ನೆಯ ನೀರು ಘಟ್ಟದ ಹೊಟ್ಟೆಯೊಳಗಿನ ಯಂತ್ರಗಳನ್ನು ತಿರುಗಿಸಿ, ಪಡುವಣಕ್ಕೆ ವಾಶಿಷ್ಠಿಗೆ ಬಿದ್ದು ಸಮುದ್ರ ಸೇರುತ್ತದೆ.

ಹೀಗೆ ಘಟ್ಟ ಇಳಿಸುವ ನೀರು ಎಷ್ಟು? ಇದಕ್ಕೆ ಟಿ.ಎಂ.ಸಿ. ಎಂಬ ಅಳತೆ ಇದೆ. ದಿನಪತ್ರಿಕೆಯಲ್ಲಿ ನಾವೆಲ್ಲ ಓದುತ್ತೇವೆ, ಆದರೆ ಅದು ಎಷ್ಟು ಕೊಡ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರು. ಮುಂಬಯಿ ನಗರಪಾಲಿಕೆ ದಿನವೊಂದಕ್ಕೆ ಹಂಚುವ ನೀರು ಸುಮಾರು 385 ಕೋಟಿ ಲೀಟರು. ಎಂದರೆ ಒಂದು ಟಿ.ಎಂ.ಸಿ. ನೀರು ಈ ಇಡೀ ಮಹಾನಗರಕ್ಕೆ ಏಳು ದಿನ ಸಾಕು. ಕೃಷ್ಣಾ ನ್ಯಾಯಮಂಡಳಿ ಕೊಯ್ನಾ ಯೋಜನೆಯಿಂದ ಪಡುವಣಕ್ಕೆ ತಿರುಗಿಸಲು ಒಪ್ಪಿದ್ದು ವರ್ಷಕ್ಕೆ 67.5 ಟಿ.ಎಂ.ಸಿ. ಟಾಟಾ ಕಟ್ಟೆಗಳದು ಸರಾಸರಿ ಸುಮಾರು 42. ಎರಡೂ ಸೇರಿದರೆ, ಮುಂಬಯಿ ಎರಡು ವರ್ಷ ಕುಡಿದು ತೊಳೆಯುವಷ್ಟು ನೀರು ಪ್ರತಿ ವರ್ಷ ಘಟ್ಟ ಇಳಿದು ಸಮುದ್ರದ ಕಡೆಗೆ ಹೋಗುತ್ತದೆ.

ಬಂಧುಗಳೇ, ಇದೇ ಘಟ್ಟ ಇಳಿದು ಬಂದ ಇನ್ನೊಂದು ವಸ್ತು ಯಾವುದು ಗೊತ್ತೆ? ಮನುಷ್ಯರು. ಮಳೆ ಕೈಕೊಟ್ಟ ವರ್ಷ ಬಿಜಾಪುರ, ಕಲಬುರಗಿ, ರಾಯಚೂರು ಕಡೆಯಿಂದ ಗಂಟು ಹೊತ್ತು ರೈಲು ಹತ್ತಿದವರು. 1972ರ ಬರಗಾಲದಲ್ಲಿ ಬಂದವರು ಈ ಸಭೆಯಲ್ಲಿಯೇ ಇದ್ದಾರೆ. ನೀರು ಮೊದಲು ಬಂದಿತು, ನೀರಿಲ್ಲದವರು ಹಿಂದೆ ಬಂದರು. ಆ ನೀರಿನಿಂದ ತಿರುಗಿದ ಯಂತ್ರದ ಮುಂದೆ ನಿಂತು ಅವರು ನೂಲು ತೆಗೆದರು. 1982ರ ದೊಡ್ಡ ಮುಷ್ಕರದ ನಂತರ ಗಿರಣಿಯ ಭೋಂಗಾ ಒಂದೊಂದಾಗಿ ನಿಂತಾಗ, ಕೆಲವರು ಊರಿಗೆ ಮರಳಿದರು. ಅಲ್ಲಿ ನೀರಿದ್ದವನಿಗೆ ಹೊಲ ಅನ್ನ ಕೊಟ್ಟಿತು. ನೀರಿಲ್ಲದವನು ಮುಂದಿನ ರೈಲಿಗೆ ಮರಳಿ ಬಂದ. ಸಂಘಕ್ಕೂ ನೀರಿಗೂ ಏನು ಸಂಬಂಧ ಎಂದಿರಲ್ಲ, ಇದೇ ಸಂಬಂಧ. ಊರಿನಲ್ಲಿ ಎರಡು ಎಕರೆಗೆ ನೀರಿರುವ ಕಾರ್ಮಿಕ ಮಾಲೀಕನ ಮುಂದೆ ನಿಂತು ಮಾತಾಡುವ ರೀತಿಯೇ ಬೇರೆ. ಹಿಂದೆ ಏನೂ ಇಲ್ಲದವನು ಕೊಟ್ಟಷ್ಟಕ್ಕೆ ಕೈ ಒಡ್ಡುತ್ತಾನೆ.

ಈಗ ಉಡುಪಿ ಕಡೆಯ ನಮ್ಮ ಹೋಟೇಲಿನವರಿಗೆ ಎರಡು ಮಾತು. ನಮ್ಮ ಸಾಂಬಾರಿಗೆ ಬೀಳುವ ಉತ್ತಮ ತೊಗರಿಬೇಳೆ ಎಲ್ಲಿಯದು? ಭೀಮೆ ಹರಿಯುವ ಕಲಬುರಗಿ ಜಿಲ್ಲೆಯದು. ಇನ್ನು ನಮ್ಮ ಮುಸುರೆ ನೀರು ಎಲ್ಲಿಗೆ ಹೋಗುತ್ತದೆ? ಮುಂಬಯಿಯದು ಸಮುದ್ರಕ್ಕೆ ಹೋಗುತ್ತದೆ, ನಿಜ. ಆದರೆ ನಮ್ಮವರ ಹೋಟೇಲು ಪುಣೆಯಲ್ಲಿಯೂ ಕಡಿಮೆಯಿಲ್ಲ. ನಾವೇ ಪುಣೆಯ ಒಂದು ಹೋಟೇಲಿನ ಮೋರಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕಪ್ಪು ಬಶಿ ತೊಳೆದ ದಿನಗಳಿವೆ. ಎಣ್ಣೆಜಿಡ್ಡು, ಉಳಿದ ಅನ್ನ, ಸಾಬೂನಿನ ನೊರೆ ಎಲ್ಲವನ್ನೂ ಒಂದೇ ತೂತಿಗೆ ನೂಕಿ, ಕಣ್ಣಿಗೆ ಮರೆಯಾದರೆ ತೀರಿತು ಎಂದು ತಿಳಿದಿದ್ದೆವು. ಆ ನೀರು ಮುಠಾ ನದಿಗೆ, ಅಲ್ಲಿಂದ ಮುಳಾ-ಮುಠೆಯಾಗಿ ಭೀಮೆಗೆ, ಭೀಮೆಯಿಂದ ಉಜನಿ ಜಲಾಶಯಕ್ಕೆ ಹೋಗುತ್ತದೆ ಎಂಬುದು ಆಗ ನಮಗೆ ತಿಳಿದಿರಲಿಲ್ಲ. ಉಜನಿಯಿಂದ ಪಂಢರಪುರ. ಅಲ್ಲಿ ವಾರಕರಿಗಳು ಅದನ್ನೇ ಚಂದ್ರಭಾಗೆಯೆಂದು ತಲೆಗೆ ಎರೆದುಕೊಳ್ಳುತ್ತಾರೆ. ಮುಂದೆ ಇಂಡಿ, ಅಫಜಲಪುರ, ದೇವಲ ಗಾಣಗಾಪುರ. ನಾವು ತೊಳೆದು ಬಿಟ್ಟಿದ್ದು ನಮ್ಮ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ಗೆಳೆಯನ ತಾಯಿಯ ಕೊಡಕ್ಕೆ ಹೋಗುತ್ತಿತ್ತು.

ನಮ್ಮೊಬ್ಬರ ಮೋರಿಯಿಂದಲೇ ನದಿ ಕೆಟ್ಟಿತೆಂದು ನಾವು ಹೇಳುವುದಿಲ್ಲ. ಊರಿಗೆ ಊರೇ ತನ್ನ ಕೊಳಚೆಯನ್ನು ಪೂರ್ತಿ ಶುದ್ಧಮಾಡದೆ ಹೊಳೆಗೆ ಬಿಡುವುದು ದೊಡ್ಡ ತಪ್ಪು. ಆ ಹೊಣೆ ನಗರಪಾಲಿಕೆಯದು, ಸರಕಾರದ್ದು. ಕೊಲ್ಹಾಪುರದ ಪಂಚಗಂಗೆಯಲ್ಲಿ ಊರಿನ ಕೊಳಚೆ ಮತ್ತು ಕಾರಖಾನೆಯ ಹೊಲಸು ಸೇರಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದ್ದು ಒಂದು ಸಲವಲ್ಲ. ಆ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರಿ ನಮ್ಮ ಬೆಳಗಾವಿ ಜಿಲ್ಲೆಗೆ ಬರುತ್ತದೆ. ಹೊಳೆಯ ನೀರು ಕೆಟ್ಟರೆ ಅಥವಾ ಬತ್ತಿದರೆ ಜನ ಕೊಳವೆ ಬಾವಿಗೆ ಹೋಗುತ್ತಾರೆ. ರಾಯಚೂರು, ಕಲಬುರಗಿ ಕಡೆಯ ಎಷ್ಟೋ ಹಳ್ಳಿಗಳ ಬಾವಿ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಅದನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಮುಂದೆ ಎಲುಬು ಬಿಗಿಯುತ್ತದೆ.

ಇನ್ನು ಕಾಲುವೆಯ ಮಾತು. ಕಟ್ಟೆ ಕಟ್ಟಿದರೆ ಕಷ್ಟ ತೀರಿತೆಂದು ನಮ್ಮ ಹಿರಿಯರು ನಂಬಿದ್ದರು. ತುಂಗಭದ್ರೆಯ ಕಟ್ಟೆ 1953ರಲ್ಲಿ ಮುಗಿಯಿತು. ಆಲಮಟ್ಟಿಗೆ 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನೀರು ಬಂದಿತು, ಸುಳ್ಳಲ್ಲ. ನಾರಾಯಣಪುರದ ಕಾಲುವೆಯಿಂದ ಶಹಾಪುರ, ಸುರಪುರಗಳ ಒಣ ಎರೆಯಲ್ಲಿ ಹಸಿರು ಕಂಡಿತು. ಆದರೆ ನೀರು ಬಂದ ಮೇಲೆ ಅದನ್ನು ಹಂಚಿಕೊಳ್ಳುವ ಕೆಲಸ ಆರಂಭವಾಗುತ್ತದೆ. ಅದು ಕಟ್ಟೆ ಕಟ್ಟುವುದಕ್ಕಿಂತ ಕಷ್ಟದ ಕೆಲಸ.

ಹೋಟೇಲಿನವರಿಗೆ ಇದು ಬೇಗ ತಿಳಿಯುತ್ತದೆ. ಮೂವತ್ತು ಜನ ಕಾರ್ಮಿಕರಿಗೆಂದು ಒಂದು ಹಂಡೆ ಸಾಂಬಾರು ಮಾಡಿರುತ್ತಾರೆ. ಮೊದಲ ಪಂಕ್ತಿಗೆ ಕುಳಿತವರು ಬೇಕೆಂದಷ್ಟು ಹಾಕಿಸಿಕೊಂಡರೆ, ಕೊನೆಯ ಪಂಕ್ತಿಯ ಮೋರಿಯ ಹುಡುಗರಿಗೆ ಬರಿಯ ಹಂಡೆ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರು ಉದ್ದವಿದೆ. ಇದರಡಿಯ ಬಹುಪಾಲು ಭೂಮಿಗೆ ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆ ಎಂದು ಯೋಜನೆಯಲ್ಲಿ ಬರೆದಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಒಂದು ಟಿ.ಎಂ.ಸಿ. ನೀರನ್ನು ಒಂದು ಅಡಿ ಆಳ ನಿಲ್ಲಿಸಿದರೆ ಸುಮಾರು 23 ಸಾವಿರ ಎಕರೆ ಮುಚ್ಚುತ್ತದೆ. ಜೋಳಕ್ಕೆ ಒಂದೂವರೆ ಅಡಿ ಸಾಕೆಂದು ಹಿಡಿದರೆ 15 ಸಾವಿರ ಎಕರೆ ಆಯಿತು. ಭತ್ತಕ್ಕೆ ನಾಲ್ಕು ಅಡಿ ಹಿಡಿದರೆ 6 ಸಾವಿರವೂ ಆಗದು. ಹೀಗೆ ಮೇಲಿನವನು ಎರಡು ಬೆಳೆ ಭತ್ತ ತೆಗೆಯುವಾಗ, ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ರಾಯಚೂರು ಕಡೆಯ ರೈತ ಕಾಲುವೆಯಲ್ಲಿ ಹುಲ್ಲು ಬೆಳೆದುದನ್ನು ನೋಡುತ್ತ ಕುಳಿತಿರುತ್ತಾನೆ. ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ, ಹೊಲ ನಕ್ಷೆಯ ಪ್ರಕಾರ ನೀರಾವರಿ, ಕಣ್ಣಿಗೆ ಕಂಡರೆ ಬೀಳು ಎನ್ನುವವರು ಇದ್ದಾರೆ.

ಹೆಚ್ಚು ನೀರು ಕುಡಿಸಿದವನಾದರೂ ಸುಖವಾಗಿದ್ದಾನೆಯೆ? ಅದೂ ಇಲ್ಲ. ಎರೆ ಭೂಮಿ ನೀರನ್ನು ಬೇಗ ಬಿಡುವುದಿಲ್ಲ. ಬಸಿಗಾಲುವೆ ತೆಗೆಯದೆ ನೀರು ನಿಲ್ಲಿಸುತ್ತ ಹೋದರೆ ಒಳಗಿನ ನೀರು ಮೇಲೇರಿ ಬೇರಿನ ತನಕ ಬರುತ್ತದೆ. ಅದರೊಂದಿಗೆ ನೆಲದೊಳಗಿನ ಉಪ್ಪೂ ಬರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿದು ಹೊಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಇದನ್ನೇ ನಮ್ಮವರು ಸವಳು, ಜವಳು ಎನ್ನುವುದು. ಒಬ್ಬನಿಗೆ ನೀರಿಲ್ಲದೆ ಹೊಲ ಸತ್ತಿತು, ಇನ್ನೊಬ್ಬನಿಗೆ ನೀರು ಹೆಚ್ಚಾಗಿ ಸತ್ತಿತು. ಅದೇ ಕಾಲುವೆ, ಅದೇ ವರ್ಷ.

1980ರಲ್ಲಿ ಮಲಪ್ರಭೆಯ ದಂಡೆಯಲ್ಲಿ ನಡೆದುದನ್ನು ಹಿರಿಯರು ಮರೆತಿಲ್ಲ. ನೀರು ಸರಿಯಾಗಿ ಮುಟ್ಟದ ಹೊಲಗಳಿಗೂ ಸರಕಾರ ಅಭಿವೃದ್ಧಿ ಕರ ಕೇಳಿತು. ನವಲಗುಂದ, ನರಗುಂದದ ರೈತರು ಎದ್ದರು. ಜುಲೈ 21ರಂದು ಗೋಲಿಬಾರಾಗಿ ಜೀವಗಳು ಹೋದವು. ಇಡೀ ರಾಜ್ಯದ ರೈತ ಚಳವಳಿಗೆ ಅದು ಕಿಡಿಯಾಯಿತು. ಬಂಧುಗಳೇ, ಅದು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಗಾರದ ಜಗಳವೇ. ಕೊಡದ ಊಟಕ್ಕೆ ಪಗಾರದಲ್ಲಿ ಹಣ ಮುರಿದುಕೊಂಡರೆ ನಾವು ಸುಮ್ಮನಿರುತ್ತೇವೆಯೆ?

ಕಟ್ಟೆಗಳಿಗೂ ವಯಸ್ಸಾಗುತ್ತದೆ. ತುಂಗಭದ್ರಾ ಜಲಾಶಯ ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿತ್ತು. ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯ ಗೇಟು ಸರಪಳಿ ಹರಿದು ಕೊಚ್ಚಿಹೋಯಿತು. ಒಂದು ವಾರದೊಳಗೆ, ಧುಮುಕುವ ನೀರಿನ ನಡುವೆಯೇ, ಕಾರ್ಮಿಕರು ತಾತ್ಕಾಲಿಕ ಬಾಗಿಲನ್ನು ಇಳಿಸಿ ಉಳಿದ ನೀರನ್ನು ಕಾಪಾಡಿದರು. ಇಂಜಿನಿಯರರ ಜಾಣತನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಕಬ್ಬಿಣಕ್ಕೆ ಕೈ ಕೊಟ್ಟವರು ನಮ್ಮಂಥವರೇ ಎಂಬುದನ್ನೂ ಹೇಳಬೇಕು.

ಈಗ ರಾಜ್ಯ ರಾಜ್ಯಗಳ ಜಗಳಕ್ಕೆ ಬರೋಣ. ಬಚಾವತ್ ನ್ಯಾಯಮಂಡಳಿಯನ್ನು 1969ರಲ್ಲಿ ನೇಮಿಸಿದರು. ಅದು ನೂರು ವರ್ಷಗಳಲ್ಲಿ ಎಪ್ಪತ್ತೈದು ವರ್ಷ ಸಿಗುವಷ್ಟು ನೀರನ್ನು 2,060 ಟಿ.ಎಂ.ಸಿ. ಎಂದು ಲೆಕ್ಕ ಹಾಕಿ, ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಹಂಚಿತು. 2004ರಲ್ಲಿ ನೇಮಕವಾದ ಎರಡನೆಯ ಮಂಡಳಿ 2010ರಲ್ಲಿ ತೀರ್ಪು ಕೊಟ್ಟು, ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. 2013ರಲ್ಲಿ ಮುಂದಿನ ವರದಿಯನ್ನೂ ಕೊಟ್ಟಿತು. ಆದರೆ ಅದು ಗೆಜೆಟ್ಟಿನಲ್ಲಿ ಅಚ್ಚಾಗದೆ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲಲ್ಲಿ ನಿಂತಿದೆ. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ಪಂಕ್ತಿಗೆ ನಾಲ್ಕನೆಯವನು ಬಂದಂತಾಯಿತು. ಇನ್ನು 2019ರ ಆಗಸ್ಟಿನಲ್ಲಿ ಸಾಂಗಲಿ, ಕೊಲ್ಹಾಪುರ, ಬೆಳಗಾವಿ ಜಿಲ್ಲೆಗಳು ಮುಳುಗಿದಾಗ, ಆಲಮಟ್ಟಿಯ ಹಿನ್ನೀರಿನಿಂದಲೇ ಆಯಿತೆಂದು ಅತ್ತ ಕೂಗಿದರು, ಅಲ್ಲವೆಂದು ಇತ್ತ ಕೂಗಿದರು. ಮುಳುಗಿದ ಬಡವನ ಗುಡಿಸಲಿಗೆ ಎರಡೂ ಕೂಗು ಮುಟ್ಟಲಿಲ್ಲ.

ಆ ದಿನಗಳಲ್ಲಿ ನಮ್ಮ ಚಾಳುಗಳಲ್ಲಿಯೂ ಮಾತು ಬಿಸಿಯಾಗಿತ್ತೆಂಬುದು ನಮಗೆ ಗೊತ್ತಿದೆ. ಅದಕ್ಕಾಗಿ ಒಂದು ಮಾತು ಹೇಳಬಯಸುತ್ತೇವೆ. ಪಕ್ಕದ ಖೋಲಿಯ ಸಾತಾರೆಯ ಮರಾಠಿ ಗಿರಣಿಗಾರನನ್ನು ಕೇಳಿ ನೋಡಿರಿ. ಕೊಯ್ನಾ ಕಟ್ಟೆಗೆ ಊರು ಕಳೆದುಕೊಂಡವರ ಮಕ್ಕಳು ಈ ಪಟ್ಟಣದಲ್ಲಿ ಎಷ್ಟೋ ಮಂದಿ. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುವ ತೆಲುಗಿನವನನ್ನು ಕೇಳಿರಿ. ಅವನು ಪಾಲಮೂರಿನವನು, ಕೃಷ್ಣೆ ಊರ ಮುಂದೆ ಹರಿದರೂ ಹೊಲಕ್ಕೆ ನೀರಿಲ್ಲದೆ ಬಂದವನು. ನಮ್ಮ ಬಾಗಲಕೋಟೆಯವನನ್ನು ಕೇಳಿರಿ. ಅವನ ಹಳೆಯ ಪೇಟೆ ಆಲಮಟ್ಟಿಯ ನೀರಿನೊಳಗಿದೆ. ಮೂರು ಭಾಷೆ, ಒಂದೇ ಹೊಳೆ, ಒಂದೇ ಗೋಳು. ಕರ್ನಾಟಕದ ಪಾಲು ಕರ್ನಾಟಕಕ್ಕೆ ಸಿಗಬೇಕೆಂದು ನಾವು ಗಟ್ಟಿಯಾಗಿ ಕೇಳುತ್ತೇವೆ. ಅದರಲ್ಲಿ ಸಂಕೋಚವಿಲ್ಲ. ಆದರೆ ಅದನ್ನು ಕೇಳುವಾಗ ಪಕ್ಕದ ಹಾಸಿಗೆಯವನ ಮೇಲೆ ಕೈ ಎತ್ತಬೇಕಾಗಿಲ್ಲ. ನಾವು ಹೊಡೆದಾಡಿದರೆ ಲಾಭ ಯಾರಿಗೆಂದು ಬೋನಸ್ಸಿನ ಕಾಲದಲ್ಲಿ ಕಂಡಿದ್ದೇವೆ.

ಹಾಗಾದರೆ ಸಂಘ ಮಾಡಬೇಕಾದುದೇನು? ನಾಲ್ಕು ಕೆಲಸಗಳನ್ನು ಸಭೆಯ ಮುಂದೆ ಇಡುತ್ತೇವೆ.

ಮೊದಲನೆಯದು: ಆಲಮಟ್ಟಿಯ ಮಟ್ಟ ಏರಿದರೆ ಇನ್ನೂ ಬಹಳ ಭೂಮಿ ಮುಳುಗಡೆಯಾಗಲಿದೆ. ಆ ದಂಡೆಯವರು ನಮ್ಮಲ್ಲಿದ್ದಾರೆ. ತಂದೆ ತೀರಿಕೊಂಡು ಇಪ್ಪತ್ತು ವರ್ಷವಾದರೂ ಉತಾರಿನಲ್ಲಿ ಹೆಸರು ಬದಲಾಯಿಸದವರು ಎಷ್ಟು ಮಂದಿ? ಪರಿಹಾರ ಹಂಚುವ ದಿನ ಕಾಗದದಲ್ಲಿ ಹೆಸರಿಲ್ಲದವನನ್ನು ಯಾರೂ ಹುಡುಕಿಕೊಂಡು ಮುಂಬಯಿಗೆ ಬರುವುದಿಲ್ಲ. ಆದುದರಿಂದ ಸಂಘದಲ್ಲಿ ಒಂದು ಪುಸ್ತಕ ತೆರೆದು ಊರು, ಸರ್ವೆ ನಂಬರು, ಉತಾರಿನ ಹೆಸರು ಬರೆಸೋಣ. ಬರೆಯಲು ಬಾರದವರಿಗೆ ನಾವು ಬರೆದುಕೊಡುತ್ತೇವೆ. ಅಕ್ಕತಂಗಿಯರ ಹಕ್ಕನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು, ಮರೆಯಬಾರದು.

ಎರಡನೆಯದು: 2000ದಲ್ಲಿ ಕರ್ನಾಟಕದ ನೀರಾವರಿ ಕಾಯಿದೆಗೆ ತಿದ್ದುಪಡಿಯಾಗಿ, ಕಾಲುವೆಯ ಕೆಳಗಿನ ರೈತರೇ ನೀರು ಬಳಕೆದಾರರ ಸಹಕಾರ ಸಂಘ ಮಾಡಿಕೊಳ್ಳಲು ದಾರಿಯಾಗಿದೆ. ಹಲವೆಡೆ ಅದು ಬೋರ್ಡಿನ ಮೇಲೆ ಮಾತ್ರ ಇದೆ. ಜಾತ್ರೆಗೆ, ದೀಪಾವಳಿಗೆ ಊರಿಗೆ ಹೋದವರು ಅಲ್ಲಿನ ಸಂಘದ ಸದಸ್ಯರಾಗಿರಿ, ಲೆಕ್ಕ ಕೇಳಿರಿ, ಕೊನೆಯ ಹೊಲದವನಿಗೆ ಮೊದಲ ಸರದಿ ಕೊಡಿರೆಂದು ಹೇಳಿರಿ. ಇಲ್ಲಿ ಸಂಘ ಕಟ್ಟಿ ಕಲಿತ ವಿದ್ಯೆ ಅಲ್ಲಿಗೆ ಉಪಯೋಗವಾಗಲಿ.

ಮೂರನೆಯದು ಹೋಟೇಲಿನವರಿಗೆ. ತಾಟು ತೊಳೆಯುವ ಮೊದಲು ಎಂಜಲನ್ನು ಡಬ್ಬಿಗೆ ಬಳಿಯಿರಿ. ಕರಿದ ಎಣ್ಣೆಯನ್ನು ಮೋರಿಗೆ ಸುರಿಯಬೇಡಿರಿ. ಜಿಡ್ಡು ಹಿಡಿಯುವ ತೊಟ್ಟಿ ಕಟ್ಟಿಸಿರೆಂದು ಮಾಲೀಕರನ್ನು ಸಂಘದ ಮೂಲಕ ಕೇಳೋಣ. ಪುಣೆಯ ನಮ್ಮ ಬಂಧುಗಳಿಗೂ ಈ ಮಾತನ್ನು ಬರೆದು ಕಳಿಸೋಣ.

ನಾಲ್ಕನೆಯದು: ಮರಾಠಿ, ತೆಲುಗು ಕಾರ್ಮಿಕರ ಸಂಘಗಳವರನ್ನು ಕರೆದು, ಕೃಷ್ಣೆಯ ದಂಡೆಯವರದೇ ಒಂದು ಕೂಡು ಸಭೆ ಮಾಡೋಣ. ತಜ್ಞರ ಸಭೆ ದಿಲ್ಲಿಯಲ್ಲಿ ನಡೆಯುತ್ತದೆ. ಮುಳುಗಿದವರ ಮತ್ತು ಒಣಗಿದವರ ಸಭೆ ಎಲ್ಲಿಯೂ ನಡೆದುದನ್ನು ನಾವು ಕಂಡಿಲ್ಲ. ಅದು ಇಲ್ಲಿ, ಈ ಪಟ್ಟಣದಲ್ಲಿ ನಡೆಯಲಿ.

ಕಳೆದ ಸಭೆಯಲ್ಲಿ ಪ್ರಶ್ನೆ ಕೇಳಿದ ಆ ಸದಸ್ಯರಿಗೆ ನಾವು ಕೃತಜ್ಞರು. ಅವರು ಕೇಳದಿದ್ದರೆ ನಾವು ಇಷ್ಟನ್ನು ಓದಿ ಕಲಿಯುತ್ತಿರಲಿಲ್ಲ. ಪುಸ್ತಕ ಮೇಜಿನ ಮೇಲಿದೆ, ಪೆನ್ಸಿಲು ಕಟ್ಟಿದೆ. ಮನೆಗೆ ಹೋಗುವ ಮೊದಲು ಊರಿನ ಹೆಸರು ಬರೆಸಿ ಹೋಗಿರಿ.